ತೊಳೆಯುವ ಎಣ್ಣೆ

ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ಒಂದು ಇಂಜಿನ್ ಆಯಿಲ್ ಏಜೆನ್ಸಿಯಲ್ಲಿ ನನಗೆ ಸೇಲ್ಸ್‌ಮನ್ ಕೆಲಸ ಸಿಕ್ಕಿತು. ಮೂರು ದಿನ ಕೂರಿಸಿ ಪಾಠ ಹೇಳಿದರು. ಎಷ್ಟು ಕಲಿತೆನೋ ಗೊತ್ತಿಲ್ಲ, ಬೀಗಿದ್ದು ಮಾತ್ರ ಮೂರು ವರ್ಷಕ್ಕಾಗುವಷ್ಟು. ಅಲ್ಪವಿದ್ಯಾ ಮಹಾಗರ್ವಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಗುಬ್ಬಿ, ಬೆಳ್ಳಾವಿ, ಕುಣಿಗಲ್ ಎಂದು ಬಸ್ಸಿನಲ್ಲಿ ತಿರುಗುತ್ತ ಗ್ಯಾರೇಜುಗಳ ಮುಂದೆ ಆ ಪಾಠ ಒಪ್ಪಿಸುತ್ತಿದ್ದೆ. ಡಬ್ಬದಲ್ಲಿ ಬಹುಪಾಲು ಇರುವುದು ಬೇಸ್ ಆಯಿಲ್, ಕಚ್ಚಾ ಎಣ್ಣೆಯಿಂದ ತೆಗೆದದ್ದು. ಒಬ್ಬರು ಅದನ್ನು ಚೆನ್ನಾಗಿ ಶುದ್ಧಿ ಮಾಡಿರುತ್ತಾರೆ, ಇನ್ನೊಬ್ಬರದು ಅಷ್ಟಕ್ಕಷ್ಟೆ. ಆದರೆ ಕಂಪನಿ ಕಂಪನಿಗೂ ದೊಡ್ಡ ವ್ಯತ್ಯಾಸ ಅದಕ್ಕೆ ಬೆರೆಸುವ ಮದ್ದಿನಲ್ಲಿ. ಕಾದಾಗ ನೀರಾಗದಂತೆ ಒಂದು, ನೊರೆ ಏಳದಂತೆ ಒಂದು, ಸವೆತ ತಡೆಯಲು ಇನ್ನೊಂದು. ನಮ್ಮ ಎಣ್ಣೆಯ ಹೆಚ್ಚುಗಾರಿಕೆ ತೊಳೆಯುವ ಮದ್ದು. ಇಂಜಿನ್ನಿನೊಳಗೆ ಅಂಟಿದ ಕೊಳೆಯನ್ನೆಲ್ಲ ಅದು ಬಿಡಿಸುತ್ತಿತ್ತು. ಹಳೆಯ ಇಂಜಿನ್ನಾದರೆ ಮೊದಲು ಕೆಳಗಿನ ಎಣ್ಣೆಬಾನಿ ಬಿಚ್ಚಿ ತೊಳೆದು ಆಮೇಲೆ ಹಾಕಬೇಕೆಂದು ಮೂರನೆಯ ದಿನ ಹೇಳಿದ್ದರು. ಹಾಗೆಂದರೆ ಯಾರೂ ಡಬ್ಬ ಕೊಳ್ಳುತ್ತಿರಲಿಲ್ಲ. ಆ ಮಾತನ್ನು ನುಂಗಿಕೊಳ್ಳುವುದು ನನಗೆ ಅಭ್ಯಾಸವಾಯಿತು.

ಅಕ್ಕನ ಗಂಡ ಕುಣಿಗಲ್ಲಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಎರಡು ಕೈ ದಾಟಿ ಬಂದ ಹಳೆಯ ಕಾರು. ಬೆಳಿಗ್ಗೆ ಎದ್ದವರು ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಿ, ಬೆರಳಲ್ಲಿ ತಿಕ್ಕಿ, ಮೂಸಿ, ಆಮೇಲೆ ಕಾಫಿಗೆ ಕೂರುತ್ತಿದ್ದರು. ಹುಲಿಯೂರುದುರ್ಗದವರೆಗೂ ಮದುವೆ, ಆಸ್ಪತ್ರೆ ಅಂದರೆ ಜನ ಅವರನ್ನೇ ಹುಡುಕುತ್ತಿದ್ದರು. ಕೈಕೊಡದ ಗಾಡಿ ಅನ್ನುವ ಹೆಸರೊಂದೇ ಅವರ ಆಸ್ತಿ. ಅಂಗಡಿಯ ಪೀಪಾಯಿಯಿಂದ ಅಳೆದು ಕೊಡುವ, ಯಾವ ಮದ್ದೂ ಇಲ್ಲದ ಎಣ್ಣೆಯನ್ನೇ ಅವರು ಹಾಕುತ್ತಿದ್ದರು. ನನಗೆ ಅದು ಅವಮಾನ. ಒಂದು ಭಾನುವಾರ ಹಠ ಹಿಡಿದು ಹಳೆಯದನ್ನು ಸುರಿದು ನಮ್ಮ ಎಣ್ಣೆ ಹಾಕಿದೆ.

ವಾರ ಕಳೆಯುವಷ್ಟರಲ್ಲಿ ಭಾವ ಬೆರಳು ತೋರಿಸಿದರು. “ಏನ್ಲಾ ಇದು, ಕಾಡಿಗೆ ಆದಂಗೆ ಆಗೈತಲ್ಲ?”

“ತೊಳೀತಾ ಐತೆ ಭಾವ, ಅದಕ್ಕೇ ಕರ್ರಗಾಗಿರೋದು. ತೆಳು ಎಣ್ಣೆ, ಆಯಿಲ್ ಲೈಟು ಆಗಾಗ ಮಿಣುಕಿದ್ರೂ ಹೆದರ್ಕೋಬೇಡಿ.”

“ನೀನು ಓದಿದೋನು. ನೀನ್ ಹೇಳಿದ್ಮೇಲೆ ಆಯ್ತು ಬುಡು” ಎಂದು ಅವರು ಬೆರಳು ಒರೆಸಿಕೊಂಡರು.

ಮುಂದಿನ ವಾರ ಗುಬ್ಬಿಯಲ್ಲಿ ಒಂದು ಮದುವೆ. ಹೆಣ್ಣಿನವರು ಹಿಂದಿನ ದಿನವೇ ಹೋಗಿದ್ದರು. ಹುಡುಗಿಯನ್ನು ಹಸೆಗೆ ಕರೆತರಬೇಕಾದ ಸೋದರಮಾವ ಮಾತ್ರ ಬೆಳಿಗ್ಗೆ ಭಾವನ ಕಾರಿನಲ್ಲಿ ಕುಣಿಗಲ್ಲಿನಿಂದ ಹೊರಟರು. ತುಮಕೂರು ತಲುಪುವಾಗ ಆಯಿಲ್ ಲೈಟು, ಇಂಜಿನ್ನಿಗೆ ಎಣ್ಣೆ ಸರಿಯಾಗಿ ಏರದಿದ್ದರೆ ಎಚ್ಚರಿಸುವ ಕೆಂಪು ದೀಪ, ಹತ್ತಿಕೊಂಡಿತು. ಸೋದರಮಾವ ತಿಂಡಿಗೆ ಹೋಟೆಲಿಗೆ ಹೋದಾಗ ಭಾವ ಕಡ್ಡಿ ಎಳೆದು ನೋಡಿದರು. ಎಣ್ಣೆ ತುಂಬಾ ಇತ್ತು. ನನ್ನ ಮಾತು ನೆನಪಾಗಿ ಧೈರ್ಯದಿಂದ ಗಾಡಿ ತೆಗೆದರು. ಗುಬ್ಬಿ ಇನ್ನೂ ದೂರವಿರುವಾಗಲೇ ಇಂಜಿನ್ ಕಿರುಚಿ ಕಚ್ಚಿಕೊಂಡಿತು. ಸೋದರಮಾವ ಬಸ್ಸು ಕಾದು ಹಿಡಿದು ಛತ್ರ ಮುಟ್ಟುವ ಹೊತ್ತಿಗೆ ತಾಳಿ ಕಟ್ಟಿಯಾಗಿತ್ತು.

ಕಾರನ್ನು ತುಮಕೂರಿನ ಗ್ಯಾರೇಜಿಗೆ ಎಳೆದು ತಂದರು. ನಾನೂ ಓಡಿ ಹೋದೆ. ಅಲ್ಲಿನ ಹಿರಿಯ ಮೇಸ್ತ್ರಿ ಸಾಹೇಬರು ಎಣ್ಣೆಬಾನಿ ಬಿಚ್ಚಿ ತೋರಿಸಿದರು. ಎಣ್ಣೆ ಹೀರುವ ಜಾಲರಿ ಕಾಣದಷ್ಟು ಕಪ್ಪು ಹಲ್ವದಂಥ ಕೊಳೆ ಮೆತ್ತಿಕೊಂಡಿತ್ತು.

“ಎಣ್ಣೆ ಒಳ್ಳೇದೇ ಸಾರ್” ಎಂದರು ಸಾಹೇಬರು. “ಇಷ್ಟು ವರ್ಷದ ಕೊಳೆ ಒಂದೇ ಸಲ ಬಿಡಿಸಿದ್ರೆ ಅದೆಲ್ಲಿಗೆ ಹೋಗ್ಬೇಕು ಹೇಳಿ? ಜಾಲರಿ ಕಟ್ಕೊಂಡು ಎಣ್ಣೆ ಮೇಲೇರ್ಲೇ ಇಲ್ಲ.”

ಭಾವ ನನ್ನ ಮುಖ ನೋಡಿದರು, ಬಾನಿ ನೋಡಿದರು. ಎಲ್ಲ ಅರ್ಥವಾಗಿತ್ತು ಅವರಿಗೆ. ಹೊರಗೆ ಕರೆದುಕೊಂಡು ಹೋಗಿ ಹೇಳಿದರು:

“ಎಣ್ಣೆ ನೋಡೋದು ನಾನೇ ಮರೆತೆ ಅಂತೀನಿ. ನಿಮ್ಮಕ್ಕನ ಮುಂದೆ ಬಾಯ್ ಬಿಡ್ಬೇಡ ಕಣ್ಲಾ. ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿಲ್ಲ ನಿಂಗೆ.”

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಒಳಗೊಳಗೇ ಉಸಿರು ಬಿಟ್ಟೆ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಮೇಲೆ ಅವರನ್ನು ಯಾರೂ ಮದುವೆಗೆ ಕರೆಯಲಿಲ್ಲ. ಇಂಜಿನ್ ರಿಪೇರಿಯಾದರೂ ಹೆಸರು ರಿಪೇರಿಯಾಗಲಿಲ್ಲ. ಕಾರು ಮಾರಿ ಬೇರೆಯವರ ಲಾರಿ ಓಡಿಸಿದರು. “ಎಣ್ಣೆ ನೋಡ್ಕೊಂಡ್ಯೇನಪ್ಪಾ?” ಎಂದು ಸ್ಟ್ಯಾಂಡಿನಲ್ಲಿ ಕಿಚಾಯಿಸಿದರೆ ನಕ್ಕುಬಿಡುತ್ತಿದ್ದರು. ನನ್ನೆದುರಿಗೆ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎಂಬತ್ತರ ದಶಕದ ನಡುವೆ ಎದೆನೋವು ಬಂದು ತೀರಿಕೊಂಡರು. ನಾನು ಅತ್ತದ್ದು ನೋಡಿ ಜನ, ಭಾವ ಅಂದರೆ ಇವನಿಗೆ ಎಷ್ಟು ಪ್ರೀತಿ ಎಂದರು.

ಎರಡು ವರ್ಷದ ನಂತರ ಅಕ್ಕನ ಮಗನಿಗೆ ಲೈಸೆನ್ಸ್ ಆಗಿ ತುಮಕೂರಿನಲ್ಲಿ ವ್ಯಾನಿನ ಡ್ರೈವರ್ ಕೆಲಸ ಸಿಕ್ಕಿತು. ಮೊದಲ ದಿನ ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಹೇಳಿದಳು:

“ದಿನಾ ಎಣ್ಣೆ ನೋಡು ಮಗ. ನಿಮ್ಮಪ್ಪ ಒಂದೇ ಒಂದಿನ ಮೈಮರೆತ್ರು, ಬದುಕೇ ಹೋಯ್ತು.” ಆಮೇಲೆ ನನ್ನ ಕಡೆ ತಿರುಗಿದಳು. “ನೀನೂ ಒಂದ್ ಮಾತು ಹೇಳೋ. ಎಣ್ಣೆ ವಿಚಾರ ನಿಂಗೆ ಗೊತ್ತಲ್ಲ.”

ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ.

“ಅಮ್ಮ ಹೇಳ್ದಂಗೆ ಮಾಡಪ್ಪ” ಎಂದೆ. “ನಿಮ್ಮಪ್ಪನಂಗೆ ಮರೀಬೇಡ.”