ನರ್ಸಮ್ಮನ ಚರಗಿ

ನರ್ಸ್ ಮೋನಮ್ಮನನ್ನು ಕಂಡರಾಗದವರು ನಮ್ಮ ಊರಿನಲ್ಲಿ ಬಹಳ. ಅವರಲ್ಲಿ ಮುಕ್ಕಾಲು ಜನರ ಮಕ್ಕಳನ್ನು ಭೂಮಿಗೆ ತಂದವಳು ಅವಳೇ. ಸುರಪುರದ ಕಡೆಯವಳು. ಭೀಮಾ ದಂಡೆಯ ಈ ಸಬ್‌ಸೆಂಟರಿಗೆ ಬಂದಾಗ ಅವಳ ಕೂದಲು ಕಪ್ಪಗಿತ್ತು. ನಾಲಿಗೆ ಮಾತ್ರ ಆಗಲೂ ಹೀಗೆಯೇ ಇತ್ತು. ಊರಬಾಗಿಲ ಅಗಸಿ ಕಟ್ಟೆಯ ಹುಡುಗರು ಅವಳ ಸ್ಕೂಟಿ ಕಂಡು ಶಿಳ್ಳೆ ಹಾಕಿದರೆ ಗಾಡಿ ನಿಲ್ಲಿಸಿ, "ತಲಿ ಹಿಡದು ನಿಮ್ಮನ್ನ ಹೊರಗ ಎಳದಾಕಿ ನಾನ. ವಾಪಸ್ ಒಳಗ ತಳ್ಳಾಕೂ ಬರ್ತದ ನನಗ" ಅನ್ನುವಳು. ಹುಡುಗರು ಚಹಾದಂಗಡಿಯ ಹಿಂದೆ ಮಾಯವಾಗುವರು.

ನನ್ನ ಅಕ್ಕ ಹಣಮಂತಮ್ಮನಿಗೂ ಅವಳಿಗೂ ಯುದ್ಧ ಶುರುವಾದದ್ದು ನೀರಿಗಾಗಿ. ಅಕ್ಕನ ಮಗಳು ಸೌಭಾಗ್ಯ ಯಾದಗಿರಿ ದವಾಖಾನೆಯಲ್ಲಿ ಹೆತ್ತು ತವರಿಗೆ ಬಂದಿದ್ದಳು. ಮೇ ತಿಂಗಳು. ನೆರಳಿಗೂ ನೆರಳು ಬೇಕೆನಿಸುವ ಬಿಸಿಲು. ಅಕ್ಕ ಅವಳ ಕಿವಿಗೆ ಅರಿವೆ ಕಟ್ಟಿ, ಮಂಚದ ಕೆಳಗೆ ಕೆಂಡ ಇಟ್ಟು, ಕಿಟಕಿ ಮುಚ್ಚಿ, ನೀರು ಬಂದ್ ಮಾಡಿದಳು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಥಂಡಿಯಾಗುತ್ತದೆ ಎಂಬುದು ನಮ್ಮ ಮನೆಯ ಕಾಯ್ದೆ. ನಮ್ಮದು ತಲೆತಲಾಂತರದಿಂದ ಭೀಮೆಯಲ್ಲಿ ಬಲೆ ಬೀಸಿದ ಮನೆತನ. ನೀರೇ ನಮ್ಮ ಅನ್ನ. ಬಾಣಂತಿಗೆ ಮಾತ್ರ ಅದೇ ನೀರು ವಿಷ.

ಸೌಭಾಗ್ಯಳ ತುಟಿ ಒಡೆದಿತ್ತು, ಮೈ ಸುಡುತ್ತಿತ್ತು. ಹಾಲು ಸಾಲದೆ ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತ್ತು.

ಮೋನಮ್ಮ ಬಂದು ಮೈ ಮುಟ್ಟಿ ನೋಡಿದಳು. ಕೆಂಡ ಹೊರಗೆ ಹಾಕಿಸಿ, ಕಿಟಕಿ ತೆರೆದು, ಗುಳಿಗೆ ಕೊಟ್ಟಳು.

"ನೀರು ಕೊಟ್ಟೀದಿ ಇಲ್ಲ?"

"ಅಜಿವಾನ ಕಷಾಯ ಕೊಟ್ಟೀನಿ. ಎರಡು ಗುಟುಕು" ಅಂದಳು ಅಕ್ಕ.

"ಎರಡು ಗುಟುಕಾ? ನಿನ್ನ ಎಮ್ಮಿಗೆ ಎಷ್ಟು ಕೊಡ್ತಿ?"

"ಎಮ್ಮಿ ಹಾಲು ಕೊಡ್ತದ."

"ಮತ್ತ ಈಕಿ ಏನು ಕೊಡಬೇಕಂತ ಮಾಡೀದಿ, ಡೀಸೆಲ್ಲಾ?"

"ಐದು ಹಡದಾಕಿ ನಾ! ನಿನ್ನ ಕೇಳಿ ಹಡೀಲಿಲ್ಲ. ನಡಿ ಹೊರಗ!"

"ನಡೀತೀನಿ. ಜ್ವರ ಇಳೀಲಿಲ್ಲಂದ್ರ ನಾಳಿ ಆಂಬುಲೆನ್ಸ್ ತರ್ತೀನಿ. ಆಗ ಓಣಿಗೆಲ್ಲ ಹೇಳು, ಐದು ಹಡದಾಕಿ ಅಂತ."

ಅಕ್ಕ ಅವಳನ್ನು ಹೊರಗೆ ಹಾಕಿ, ಬಾಗಿಲಿಗೆ ತಮ್ಮನಾದ ನನ್ನನ್ನು ಕಾವಲು ಕೂರಿಸಿದಳು. ಧೈರ್ಯಕ್ಕಾಗಿ ಅಲ್ಲ, ನನ್ನ ಹೊಟ್ಟೆಯಿಂದ ಬಾಗಿಲು ತುಂಬುತ್ತದೆ, ಅದೊಂದೇ ನನ್ನ ಅರ್ಹತೆ.

ಮೋನಮ್ಮ ಹೋಗಲಿಲ್ಲ. ಓಣಿಗೆಲ್ಲ ಕಾಣುವಂತೆ ನಮ್ಮ ಕಟ್ಟೆಯ ಮೇಲೆ ಕುಳಿತು ಕೂಗಿದಳು: "ಹಣಮಂತವ್ವಾ, ಬಿಸಲಾಗ ಬಂದೀನಿ. ಒಂದು ಚರಗಿ ನೀರು ಕೊಡು!"

ಎದುರು ಮನೆಯ ಉಮೆಸಲ್ಮಾ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನೋಡಿದಳು. ವೈರಿಯೇ ಬಂದರೂ ನಮ್ಮ ಓಣಿಯಲ್ಲಿ ನೀರು ಕೊಡದೆ ಕಳಿಸಿದ ಮನೆಯಿಲ್ಲ. ಅಕ್ಕ ಹಲ್ಲು ಕಚ್ಚಿ ಚರಗಿ ತಂದು ಕುಕ್ಕಿ ಹೋದಳು. ಮೋನಮ್ಮ ಅದನ್ನೆತ್ತಿಕೊಂಡು ನೇರ ನನ್ನ ಬಳಿ ಬಂದಳು.

"ಸರೀರಿ. ಇಲ್ಲಂದ್ರ ಹೊಟ್ಟಿ ಒಳಗ ತಗೋರಿ."

ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ನನ್ನ ಕಾಲು ಸರಿದವು. ಸೌಭಾಗ್ಯ ಎರಡೂ ಕೈಯಲ್ಲಿ ಚರಗಿ ಹಿಡಿದು, ಗದ್ದದಿಂದ ಎದೆಗೆ ಸುರಿಯುವಂತೆ ಕುಡಿದಳು. ಅಕ್ಕ ಬಾಯಿ ಬಡಿದುಕೊಂಡಳು. ನರ್ಸಿಗೆ ಎರಡು ಬೈಗುಳ ಸಿಕ್ಕರೆ ನನಗೆ ನಾಲ್ಕು.

ಮರುದಿನ ಜ್ವರ ತುಸು ಇಳಿದಿತ್ತು. ಮೋನಮ್ಮ ಮತ್ತೆ ಕಟ್ಟೆಗೆ ಬಂದಳು. ಅಕ್ಕ ಚರಗಿ ಹಿಡಿದು ಅವಳೆದುರೇ ನಿಂತಳು. "ಇಲ್ಲೇ ಕುಡಿ. ನನ್ನ ಕಣ್ಣ ಮುಂದ."

ಕುಡಿದಳು. "ಇನ್ನೊಂದು ತಾ." ಅದನ್ನೂ ಕುಡಿದಳು. "ಇನ್ನೊಂದು."

"ನಿನ್ನ ಬಾಯಾಗ ಮಣ್ಣ ಹಾಕ!"

"ಹಾಕವಾ. ಮೊದಲ ನೀರು ಹಾಕಿ ಕಲಸು."

ಸಾಕು ಅನ್ನುವವರೆಗೆ ಸುರಿಯಬೇಕು, ಅದೂ ಕಾಯ್ದೆಯೇ. ಮೂರನೆಯ ಚರಗಿ ತಂದಿಡುವಾಗ ಕೊಡ ಬರಿದಾಯಿತು. ಅಕ್ಕ ಗೊಣಗುತ್ತ ಬೋರಿಂಗಿಗೆ ಹೋದಳು. ಚರಗಿ ಮೋನಮ್ಮನ ಕೈಯಲ್ಲಿ ಒಳಗೆ ಹೋಯಿತು. ಬಾಗಿಲಲ್ಲಿದ್ದ ನನಗೆ ಅದೇ ಹೊತ್ತಿಗೆ ಮಾಳಿಗೆಯ ತೊಲೆಗಳನ್ನು ಪರೀಕ್ಷಿಸಬೇಕೆನಿಸಿತು.

ಅಕ್ಕ ಕೊಡ ಹೊತ್ತು ಬಂದಾಗ ಕೂಸು ಚಪ್ಪರಿಸಿ ಹಾಲು ಕುಡಿಯುವ ಸದ್ದು ಹೊಸ್ತಿಲವರೆಗೂ ಕೇಳುತ್ತಿತ್ತು. ಕೊಡ ಇಳಿಸದೆ ಹಾಗೆಯೇ ನಿಂತಳು. ಆಮೇಲೆ ಬೈದಳು, ಆದರೆ ಮೆಲ್ಲಗೆ, ಕೂಸು ಬೆಚ್ಚದಂತೆ.

ಅದರ ಮರುದಿನ ರವಿವಾರ. ಮೋನಮ್ಮ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಅಕ್ಕ ಚರಗಿ ತುಂಬಿ, ತಟ್ಟೆ ಮುಚ್ಚಿ, ಮಂಚದ ಬದಿಗೇ ಇಟ್ಟಳು.

"ಯಾರಿಗವ್ವಾ ಇದು?" ಅಂದಳು ಸೌಭಾಗ್ಯ.

"ಆ ಭಂಡ ನರ್ಸಿಗಿ. ನೀರಿಲ್ಲಂದ್ರ ಮತ್ತ ಓಣ್ಯಾಗ ನನ್ನ ಮಾನ ಕಳೀತಾಳ. ನೀ ಮುಟ್ಟೀಗಿಟ್ಟಿ!" ಎಂದವಳು, ನನ್ನತ್ತ ತಿರುಗಿ, "ನೀ ಏನ್ ಕುಂತೀ? ಎದ್ದು ಎಮ್ಮಿಗೆ ಮೇವು ಹಾಕು ನಡಿ" ಎಂದು ಕಾವಲನ್ನೂ ಎಬ್ಬಿಸಿದಳು.

ಸಂಜೆ ಚರಗಿ ಬರಿದಾಗಿತ್ತು. ಅಕ್ಕ ಅದನ್ನು ಬೋರಲು ಹಾಕಿ ನೋಡಿ, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ನೋಡ್ರೇ, ಬರದೇ ಕುಡದು ಹೋಗ್ಯಾಳ! ಎಂಥಾ ಹಾಳಬಾಯಿ ಹೆಂಗಸದು!"

ಮತ್ತೆ ಒಳಗೆ ಹೋಗಿ, ಈ ಸಲ ದೊಡ್ಡ ಚರಗಿಯನ್ನೇ ತುಂಬಿ ತಂದಿಟ್ಟಳು.