ಅತ್ತೆಯೊಳಗಿನ ಕರೆಂಟು

ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಹುಟ್ಟಿದಾಗ ನೀಲಿಯಿದ್ದಳಂತೆ. ಅತ್ತರೆ ತುಟಿ ನೀಲಿ, ನಾಲ್ಕು ಹೆಜ್ಜೆ ಓಡಿದರೆ ಉಗುರು ನೀಲಿ. ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ರಕ್ತ ಶ್ವಾಸಕೋಶಕ್ಕೆ ಹೋಗುವ ದಾರಿಯೂ ಇಕ್ಕಟ್ಟು. ಶಾಲೆಗೆ ಸೇರುವ ವಯಸ್ಸಿನಲ್ಲಿ ಒಬ್ಬ ಸರ್ಜನ್ ಅವಳ ಎದೆ ತೆರೆದು, ತೂತಿಗೆ ತೇಪೆ ಹಾಕಿ, ದಾರಿ ಅಗಲ ಮಾಡಿ, ಹೊಲಿದು ಕಳಿಸಿದರು. ಆಸ್ಪತ್ರೆಯಿಂದ ಬಂದದ್ದು ಕೆಂಪು ತುಟಿಯ ಹುಡುಗಿ. ಮನೆಯವರ ಬಾಯಲ್ಲಿ ಮಾತ್ರ ಅವಳು ನೀಲಿಯಾಗಿಯೇ ಉಳಿದಳು.

ಶಾಲೆ ಮುಗಿಸಿದ ಮೇಲೆ, ಇಂಥವಳಿಗೆ ಹಗುರದ ಕೆಲಸವೇ ಸರಿ ಎಂದು ಅಪ್ಪ ತಮ್ಮ ಕಬ್ಬಿಣದ ಗೇಟು ಮಾಡುವ ಅಂಗಡಿಯಲ್ಲಿ ಬಿಲ್ ಬರೆಯಲು ಕೂರಿಸಿದರು. ಅವಳ ಕಣ್ಣು ಬಿಲ್ಲಿನ ಮೇಲಿದ್ದರೆ ತಾನೇ? ಕಿಡಿ ಎಲ್ಲಿಂದ ಹುಟ್ಟುತ್ತದೆ, ಕಬ್ಬಿಣ ಯಾಕೆ ನೀರಾಗುತ್ತದೆ, ಕರೆಂಟು ಯಾವ ದಾರಿಯಿಂದ ವಾಪಸು ಹೋಗುತ್ತದೆ ಎಂದು ಅಲ್ಲಿನ ವೆಲ್ಡರ್‌ನ ತಲೆ ತಿಂದಳು. ಅವನು ಬೇರೆ ಅಂಗಡಿಗೆ ಹೋದ ಮರುದಿನ ಮುಖಕ್ಕೆ ವೆಲ್ಡಿಂಗ್ ಮುಸುಕು ಹಾಕಿಕೊಂಡು ಅವನ ಜಾಗದಲ್ಲಿ ಕೂತಳು. ಅಜ್ಜಿ ಹೌಹಾರಿದಾಗ, ಇದೂ ಕೂತೇ ಮಾಡುವ ಕೆಲಸವಲ್ಲವೇ ಎಂದಳಂತೆ. ಈಗ ನಮ್ಮ ಬೀದಿಯ ಅರ್ಧ ಗೇಟುಗಳ ಬೆಸುಗೆ ಅತ್ತೆಯದು. ಅಪ್ಪ ಕಬ್ಬಿಣ ಕತ್ತರಿಸುತ್ತಾರೆ. ನಾನು ಅಳತೆ ತರುತ್ತೇನೆ, ಗಿರಾಕಿಗಳ ಜೊತೆ ಜಗಳವಾಡುತ್ತೇನೆ. ಎರಡನೆಯದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ.

ಅತ್ತೆಯ ಜೊತೆ ರಸ್ತೆಯಲ್ಲಿ ನಡೆಯುವುದು ಮಾತ್ರ ನನ್ನಿಂದಾಗದ ಕೆಲಸ. ಗುರುತಿಲ್ಲದವರ ಗೇಟಿನ ಮುಂದೆ ನಿಂತು ಬೆಸುಗೆಯ ಮೇಲೆ ಬೆರಳಾಡಿಸುತ್ತಾಳೆ. ಒಳಗಿನವರು ಯಾರು ಬೇಕಿತ್ತು ಎಂದು ಹೊರಗೆ ಬಂದರೆ, ಇದನ್ನು ಹಾಕಿದವರು ಯಾರು ಎಂದು ಅವರನ್ನೇ ಕೇಳುತ್ತಾಳೆ.

ಹೋದ ವರ್ಷ ಅವಳು ವೆಲ್ಡಿಂಗ್ ಮೆಷಿನ್ ಮೇಲೆ ಅನುಮಾನ ಪಡಲು ಶುರುಮಾಡಿದಳು. ಕೆಲಸದ ನಡುವೆ ಎದೆಯೊಳಗೆ ಏನೋ ಜುಮ್ಮೆಂದು ಓಡುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ ಎಂದಳು. ಬೇರೆ ಯಾರಾದರೂ ಡಾಕ್ಟರ ಹತ್ತಿರ ಓಡುತ್ತಿದ್ದರು. ಇವಳು ವೆಲ್ಡರ್, ಅರ್ಥಿಂಗ್ ಸರಿಯಿಲ್ಲ, ಮೆಷಿನ್‌ನ ಕರೆಂಟು ಮೈಗೆ ಹತ್ತುತ್ತಿದೆ ಎಂದು ತೀರ್ಮಾನಿಸಿದಳು. ಕೇಬಲ್ ಬದಲಾಯಿತು. ಕಾಲಡಿಗೆ ರಬ್ಬರ್ ಹಾಸು ಬಂತು. ಅಂಗಡಿಯ ಹಿಂದೆ ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಾಮ್ರದ ಪಟ್ಟಿ ಇಳಿಸಿದ್ದೂ ಆಯಿತು. ಗುಂಡಿ ತೋಡಿದ್ದು ಅಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಪ್ರತಿ ಗುದ್ದಲಿ ಏಟಿಗೂ ಗೊಣಗಿದರು. ಅಷ್ಟಾದರೂ ಜುಮ್ಮೆನ್ನುವುದು ನಿಲ್ಲಲಿಲ್ಲ. ಕೊನೆಗೆ ಮೆಷಿನ್ನನ್ನೇ ಬದಲಾಯಿಸಿದೆವು. ಒಂದು ವಾರ ಸುಮ್ಮನಿದ್ದು ಮತ್ತೆ ಶುರುವಾಯಿತು.

ಗುಟ್ಟು ಬಯಲಾದದ್ದು ಒಂದು ಮಧ್ಯಾಹ್ನ. ಇಡೀ ಬೀದಿಯ ಕರೆಂಟು ಹೋಗಿತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು, ನನ್ನ ಕೈ ಎಳೆದು ಎದೆಯ ಮೇಲೆ ಇಟ್ಟುಕೊಂಡಳು. ಒಳಗೆ ದರ್ಜಿಯ ಮೆಷಿನ್ ಓಡಿದ ಹಾಗೆ ಟಕಟಕ ಬಡಿತ.

"ಬೀದೀಲೇ ಕರೆಂಟಿಲ್ಲ ಕಣೆ," ಎಂದಳು. "ಹಾಗಾದ್ರೆ ಇದು ಎಲ್ಲಿಂದ ಬರ್ತಿದೆ?"

ಅವಳ ಮುಖದಲ್ಲಿ ಭಯವಿರಲಿಲ್ಲ. ಯಾರದೋ ಗೇಟಿನ ಮುಂದೆ ನಿಂತಾಗ ಇರುತ್ತದಲ್ಲ, ಅದೇ ಕುತೂಹಲವಿತ್ತು. ನನಗೆ ಸಿಟ್ಟು ಬಂತು. ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿ ಹೃದಯಕ್ಕೂ ಎರಡು ಬಗೆಯ ಡಾಕ್ಟರು. ಒಬ್ಬರು ನಲ್ಲಿ, ಪೈಪು ನೋಡುವವರು; ಇನ್ನೊಬ್ಬರು ವೈರಿಂಗ್ ನೋಡುವವರು. ನಮಗೆ ಸಿಕ್ಕವರು ಎರಡನೆಯವರು, ಅತ್ತೆಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅತ್ತೆ ಅವರಿಗೆ ಕರೆಂಟ್ ಡಾಕ್ಟರ್ ಎಂದು ಹೆಸರಿಟ್ಟಳು. ಎದೆಗೆ, ಕೈಕಾಲಿಗೆ ವೈರು ಅಂಟಿಸಿ ಬಂದ ಗೆರೆಗಳನ್ನು ನೋಡಿದ ಮೇಲೆ ಅವರು ಮಾತಿಗೆ ಕೂತರು. ಅತ್ತೆ ಮೊದಲು ಕೇಳಿದ್ದು ಆ ಹಳೆಯ ತೇಪೆ ಬಿಟ್ಟುಕೊಂಡಿದೆಯೇ ಎಂದು. ಇಲ್ಲ, ಗಟ್ಟಿಯಾಗಿ ಕೂತಿದೆ, ಒಳ್ಳೆಯ ಕೈಕೆಲಸ ಎಂದರು ಡಾಕ್ಟರ್. ಅತ್ತೆಯ ಕಣ್ಣು ತುಂಬಿತು. ಅಷ್ಟು ವರ್ಷ ಆ ಪುಣ್ಯಾತ್ಮನ ಕೆಲಸವನ್ನು ಅವಳು ಎದೆಯಲ್ಲಿ ಜೋಪಾನ ಮಾಡಿಕೊಂಡಿದ್ದಳು ಎಂದು ನನಗೆ ಆಗಲೇ ಗೊತ್ತಾದದ್ದು.

ಡಾಕ್ಟರ್ ಬಿಡಿಸಿ ಹೇಳಿದರು. ಹೃದಯ ಬಡಿಯುವುದು ತನ್ನದೇ ಪುಟ್ಟ ಕರೆಂಟಿನಿಂದ. ಅದು ಮೇಲಿನ ಕೋಣೆಯ ಒಂದು ಮೂಲೆಯಲ್ಲಿ ಹುಟ್ಟಿ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಆಪರೇಷನ್ ಮಾಡುವಾಗ ಮೇಲಿನ ಕೋಣೆಯನ್ನೂ ಕತ್ತರಿಸಿ ಹೊಲಿದಿರುತ್ತಾರೆ. ಹೊಲಿದ ಕಡೆ ಮಾಂಸ ಗಡುಸಾಗಿ ಕಲೆಯಾಗುತ್ತದೆ. ಕಲೆಯೊಳಗೆ ಕರೆಂಟು ನುಗ್ಗುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ಎಷ್ಟೋ ವರ್ಷದ ಮೇಲೆ ಒಂದು ದಿನ ಮುಂದೆ ಹೋಗುವುದನ್ನು ಬಿಟ್ಟು, ಗಾಣದೆತ್ತಿನ ಹಾಗೆ ಕಲೆಯ ಸುತ್ತಲೇ ಸುತ್ತತೊಡಗುತ್ತದೆ. ಚಿಕ್ಕಂದಿನಲ್ಲಿ ಹೃದಯ ಹೊಲಿಸಿಕೊಂಡು ದೊಡ್ಡವರಾದ ಹಲವರಲ್ಲಿ ಹೀಗಾಗುತ್ತದಂತೆ.

ಅತ್ತೆ ತಲೆಯಾಡಿಸಿದಳು. ಗೇಟಿನಲ್ಲೂ ಒಳ್ಳೆಯ ಬೆಸುಗೆ ಬಿಡುವುದಿಲ್ಲ, ಬಿರುಕು ಬಿಡುವುದು ಅದರ ಪಕ್ಕದಲ್ಲಿ ಎಂದಳು. ಅದಕ್ಕೆ ಇಲಾಜು ಏನು ಎಂದು ಕೇಳಿದಾಗ ಡಾಕ್ಟರ್ ಹೇಳಿದ್ದು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ, ಕಲೆಯಿಂದ ದೊಡ್ಡ ರಕ್ತನಾಳದ ಬಾಯಿಯವರೆಗೆ ಒಂದು ಗೆರೆ ಸುಡುತ್ತಾರಂತೆ. ಆಗ ಸುತ್ತುವ ದಾರಿ ಮುಚ್ಚಿಹೋಗುತ್ತದೆ.

"ಅಂದ್ರೆ ನೀವೂ ವೆಲ್ಡರೇ," ಎಂದಳು.

ಆದರೆ ಡಾಕ್ಟರ್ ನಗಲಿಲ್ಲ. ಕರೆಂಟಿನ ಈ ಸುತ್ತುವ ಓಟ ನಿಂತಾಗ ಮೂಲದ ಬಡಿತ ತಾನಾಗಿ ಶುರುವಾಗಬೇಕು. ಇಂಥ ಹೃದಯಗಳಲ್ಲಿ ಅದು ಎಷ್ಟೋ ಸಲ ಸುಸ್ತಾಗಿ ಮಲಗಿರುತ್ತದೆ. ಹಾಗಾದರೆ ಬಡಿತ ಎಬ್ಬಿಸಲು ಎದೆಯಲ್ಲಿ ಒಂದು ಪುಟ್ಟ ಯಂತ್ರ, ಪೇಸ್‌ಮೇಕರ್, ಕೂರಿಸಬೇಕು. ಅದನ್ನು ಇಟ್ಟುಕೊಂಡು ವೆಲ್ಡಿಂಗ್ ಮಾಡಬೇಡಿ ಎಂದೇ ಅವರು ಹೇಳುವುದು. ಅಷ್ಟು ದೊಡ್ಡ ಕರೆಂಟಿನ ಪಕ್ಕದಲ್ಲಿ ಅದಕ್ಕೆ ದಿಕ್ಕು ತಪ್ಪಬಹುದು. ಮೂಲದ ಬಡಿತ ಮಲಗಿದೆಯೋ ಇಲ್ಲವೋ ಓಟ ನಿಲ್ಲಿಸಿ ನೋಡುವವರೆಗೂ ಹೇಳಲಾಗದು.

ಅತ್ತೆಯ ನಗು ಅಲ್ಲೇ ನಿಂತಿತು. ವಾಪಸು ಬರುವಾಗ ದಾರಿಯಲ್ಲಿ ಒಂದು ಗೇಟನ್ನೂ ಮುಟ್ಟಲಿಲ್ಲ. ಮರುದಿನ ಮುಸುಕನ್ನು ತೊಳೆದು ಮೊಳೆಗೆ ನೇತುಹಾಕಿದಳು. ಯಾವತ್ತೂ ಅದನ್ನು ತೊಳೆದವಳಲ್ಲ. ಬಿಲ್ ಬರೆಯೋಕೆ ಹೇಗೂ ಜಾಗ ಇದೆಯಲ್ಲ ಎಂದು ಅಪ್ಪ ಸಮಾಧಾನ ಮಾಡಲು ಹೋಗಿ ಬೈಸಿಕೊಂಡರು.

ಆ ಗೆರೆ ಸುಡುವ ದಿನ ಅಪ್ಪನೂ ನಾನೂ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ನಡೆದದ್ದನ್ನು ಅತ್ತೆಯೇ ಆಮೇಲೆ ಹೇಳಿದಳು. ಅರೆ ಮಂಪರಿನ ಮದ್ದು ಕೊಟ್ಟಿದ್ದರೂ ನೋಡಲೇಬೇಕು ಎಂದು ಹಟ ಹಿಡಿದಿದ್ದರಿಂದ ಪರದೆಯನ್ನು ಅವಳ ಕಡೆ ತಿರುಗಿಸಿದ್ದರು. ಅವಳ ಹೃದಯ ಬಣ್ಣಬಣ್ಣವಾಗಿ ಕಾಣುತ್ತಿತ್ತು. ನಡುವೆ ಬೂದು ಬಣ್ಣದ ಕಲೆ, ಅದರ ಸುತ್ತ ಕೆಂಪು, ಹಳದಿ, ನೀಲಿ ಅಟ್ಟಿಸಿಕೊಂಡು ಸುತ್ತುತ್ತಿದ್ದವು. ಪಕ್ಕದಲ್ಲಿ ಬಡಿತದ ಗೆರೆಗಳು ಗರಗಸದ ಹಲ್ಲಿನ ಹಾಗೆ ಓಡುತ್ತಿದ್ದವು. ಡಾಕ್ಟರ್ ಚುಕ್ಕೆಯ ಪಕ್ಕ ಚುಕ್ಕೆ ಸುಡುತ್ತಾ ಹೋದರು. ಕೈ ನಿಧಾನ, ಎಲ್ಲೂ ಸಂದು ಬಿಡಲಿಲ್ಲ ಎಂದು ಅತ್ತೆ ಹೊಗಳಿದಳು. ಅವಳ ಬಾಯಿಂದ ಇನ್ನೊಬ್ಬರ ಬೆಸುಗೆಗೆ ಹೊಗಳಿಕೆ ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಗೆರೆ ಮುಗಿಯುವ ಹೊತ್ತಿಗೆ ಹಲ್ಲುಗಳು ತಟ್ಟನೆ ಮಾಯವಾದವು. ಪರದೆಯ ಮೇಲೆ ಸಪಾಟಾದ ಗೆರೆ.

"ಫ್ಯೂಸ್ ಹೋದ ಮನೆ ಥರ ಇತ್ತು," ಎಂದಳು ಅತ್ತೆ. "ಸಾಯ್ತೀನಿ ಅನ್ನಿಸ್ಲಿಲ್ಲ ಕಣೆ. ಮುಸುಕು ಯಾಕಾದ್ರೂ ತೊಳೆದೆನೋ ಅನ್ನಿಸ್ತು."

ಆಮೇಲೆ ಗೆರೆ ಒಮ್ಮೆ ಎದ್ದಿತು. ಸ್ವಲ್ಪ ತಡೆದು ಇನ್ನೊಮ್ಮೆ. ಮತ್ತೆ ಒಂದೇ ಸಮನೆ, ಆತುರವಿಲ್ಲದೆ. ಯಂತ್ರ ಬೇಡ, ನಿಮ್ಮದೇ ಇದೆ ಎಂದರಂತೆ ಡಾಕ್ಟರ್. ಮುಂದೆ ಯಾವತ್ತಾದರೂ ಬೇರೆ ದಾರಿ ಹುಡುಕಿಕೊಂಡು ಓಟ ಮರಳಬಹುದು, ಆಗಾಗ ಬಂದು ತೋರಿಸಬೇಕು ಎಂದೂ ಹೇಳಿದರು. ಈ ಎರಡನೆಯ ಮಾತನ್ನು ನಾನೇ ಡಾಕ್ಟರಿಂದ ಕೇಳಿ ತಿಳಿದುಕೊಳ್ಳಬೇಕಾಯಿತು. ಅತ್ತೆ ಅದನ್ನು ನುಂಗಿಕೊಂಡಿದ್ದಳು.

ಡಾಕ್ಟರ್ ಒಪ್ಪಿದ ಮೇಲೆ ಅವಳು ಮತ್ತೆ ಮುಸುಕು ಹಾಕಿದಳು. ಮೊನ್ನೆ ಒಂದು ದೊಡ್ಡ ಗೇಟು ಮುಗಿಸುವಷ್ಟರಲ್ಲಿ ಕಿಡಿ ಸತ್ತಿತು, ಫ್ಯಾನ್ ನಿಧಾನವಾಯಿತು, ಅಂಗಡಿ ಕತ್ತಲಾಯಿತು. ಅಪ್ಪ ಗರಗಸ ಕೆಳಗಿಟ್ಟರು. ನಾನು ಟೇಪು ಹಿಡಿದಲ್ಲೇ ನಿಂತೆ. ಇಬ್ಬರೂ ಅವಳನ್ನೇ ನೋಡುತ್ತಿದ್ದೆವು. ಅತ್ತೆ ಮುಸುಕು ಮೇಲೆತ್ತಿ, ಗ್ಲೌಸ್ ಬಿಚ್ಚಿ, ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ನನ್ನ ಮುಖ ಏನು ನೋಡ್ತೀರಿ?" ಎಂದಳು. "ನಂದು ಇದೆ. ಹೋಗಿರೋದು ಬೀದಿದು."