ಕೂತ್ಕಂಡು ನೋಡಿ

ಗುಂಪಿಗೊಬ್ಬ ತಲೆತಿನ್ನುವ ಅಡ್ಮಿನ್ ಇದ್ದೇ ಇರುತ್ತಾನೆ. ನಮ್ಮ ಹೋರಾಟಗಾರರ ವಾಟ್ಸಾಪ್ ಗುಂಪಿಗೆ ಕಡೂರಿನ ಕೊಬ್ಬರಿ ವ್ಯಾಪಾರಿ ರೇಣುಕಪ್ರಸಾದ್. ಒಂದು ಕೈಯಲ್ಲಿ ಕೊಬ್ಬರಿ ಗಿಟುಕು ಅಲ್ಲಾಡಿಸುತ್ತಾ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ನಮ್ಮನ್ನೆಲ್ಲ ಕಾಯುತ್ತಾರೆ. ಲಾಠಿಯೇಟು, ಗಾಯ, ಹೆಣ, ಯಾವ ಫೋಟೊ ಹಾಕುವುದಾದರೂ ಮೊದಲು 'ಮನಸ್ಸು ಕಲಕುವಂಥದ್ದಿದೆ, ಕೂತ್ಕಂಡು ನೋಡಿ' ಎಂದು ಬರೆಯಬೇಕು, ಬರೆಯದಿದ್ದರೆ ಅಳಿಸಿಬಿಡುತ್ತಾರೆ. ಒಮ್ಮೆ ಕೋಳಿಸಾರಿನ ಫೋಟೊಗೂ ಎಚ್ಚರಿಕೆ ಬರೆಸಿದ ಪುಣ್ಯಾತ್ಮ. "ಲಾಠಿ ತಿಂದೋರು ನಾವು, ಫೋಟೊಗೆ ಹೆದರ್ತೀವೇನ್ರೀ? ಸತ್ಯಕ್ಕೆ ಸೆರಗು ಹೊದಿಸ್ಬೇಡಿ" ಎಂದು ತರೀಕೆರೆಯ ಧರ್ಮೇಶ್ ರೇಗಿಸಿದರೆ, "ಮುಚ್ಚು ಅಂದ್ನೇನೋ? ಬಾಗ್ಲು ತಟ್ಟಿ ಒಳಗೆ ಬಾ ಅಂದೆ ಕಣೋ. ಒಂದ್ಸಲ ಕಂಡು ಬೆಂದೋರೂ ಗುಂಪಲ್ಲಿ ಇದಾರೆ" ಎನ್ನುತ್ತಾರೆ. ರಸ್ತೆ ಅಪಘಾತದ ಫೋಟೊ ಹಾಕಿ 'ಗುರುತು ಸಿಕ್ಕರೆ ತಿಳಿಸಿ' ಎಂದು ಕೇಳುವುದು ನಮ್ಮ ಕಡೆಯ ವಾಡಿಕೆ. ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಗಾಡಿಯ ನಂಬರ್ ಓದಿ ಮನೆಯವರನ್ನು ಹುಡುಕಿಕೊಡುವುದರಲ್ಲಿ ಆಗೆಲ್ಲ ರೇಣುಕಪ್ರಸಾದರದೇ ಮೊದಲ ಕೈ. ಹೋದ ವರ್ಷ ಅಜ್ಜಂಪುರ ರಸ್ತೆಯದೊಂದು ಫೋಟೊ ಬಂದಾಗಲೂ, ಪಾಪ ಯಾರದೋ ಮಗು ಎನ್ನುತ್ತಾ ಅಂಗಡಿಯಲ್ಲಿ ನಿಂತಲ್ಲೇ ಬೆರಳಿನಿಂದ ಹಿಗ್ಗಿಸಿದರು. ನಂಬರಿಗಿಂತ ಮೊದಲು ಕಂಡದ್ದು ಮಗಳು ತನುಜಾಳ ಚಪ್ಪಲಿ. ಅದರ ಉಂಗುಷ್ಠವನ್ನು ಹಿಂದಿನ ಸಂಜೆಯಷ್ಟೇ ಅವರೇ ಹೊಲಿಸಿ ತಂದಿದ್ದರು.